ಗ್ರೀಸಿನ ದ್ವೀಪಗಳಿಗೆ ಹಾಯಿದೋಣಿಯಲ್ಲಿ: ಮೆಲ್ಟೆಮಿ, ಲಂಗರು ಮತ್ತು ಒಂದು ವಾರದ ಲೆಕ್ಕ

ಗ್ರೀಸಿನಲ್ಲಿ ಒಂದು ವಾರಕ್ಕೆ ಹಾಯಿದೋಣಿ ಬಾಡಿಗೆಗೆ ಹಿಡಿದು ಸುತ್ತಬೇಕು ಅಂದುಕೊಂಡವರ ಮೊದಲ ಪ್ಲಾನ್ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಶನಿವಾರ ಅಥೆನ್ಸ್‌ನಿಂದ ಹೊರಡುವುದು, ಮೈಕೊನೋಸ್, ಪಾರೋಸ್, ಸ್ಯಾಂಟೊರಿನಿ ನೋಡುವುದು, ಮುಂದಿನ ಶುಕ್ರವಾರ ಸಂಜೆ ವಾಪಸ್. ಮ್ಯಾಪಿನಲ್ಲಿ ಎಲ್ಲ ಪಕ್ಕಪಕ್ಕದಲ್ಲೇ ಕಾಣುತ್ತವೆ. ಆಗಲ್ವಾ ಅಂತ ಕೇಳಿದರೆ, ಜುಲೈ-ಆಗಸ್ಟ್‌ನಲ್ಲಿ ಆಗಲ್ಲ, ಆದರೂ ಖುಷಿ ಸಿಗಲ್ಲ.

ಮೊದಲು ಬರೀ ದೂರದ ಲೆಕ್ಕ ನೋಡಿ. ಅಥೆನ್ಸ್‌ನಿಂದ ಸ್ಯಾಂಟೊರಿನಿಗೆ ಸುಮಾರು 120 ನಾಟಿಕಲ್ ಮೈಲು. ಒಂದು ನಾಟಿಕಲ್ ಮೈಲು ಅಂದರೆ 1.852 ಕಿಲೋಮೀಟರ್. ಬಾಡಿಗೆಗೆ ಸಿಗುವ 36-40 ಅಡಿಯ ಹಾಯಿದೋಣಿ ಗಂಟೆಗೆ ಐದಾರು ನಾಟಿಕಲ್ ಮೈಲು ಹೋಗುತ್ತದೆ, ಅಂದರೆ ಸುಮಾರು 10 ಕಿಲೋಮೀಟರ್. ಸೈಕಲ್ ಅದಕ್ಕಿಂತ ಜೋರಾಗಿ ಹೋಗುತ್ತದೆ. ಒಂದೇ ಸಮನೆ ಹೋದರೂ ಸ್ಯಾಂಟೊರಿನಿಗೆ 20 ಗಂಟೆಯ ಮೇಲೆ ಬೇಕು. ರಜೆಗೆ ಬಂದವರಿಗೆ ದಿನಕ್ಕೆ 20-25 ಮೈಲು ಆರಾಮ. ಬೆಳಗ್ಗೆ ಹೊರಟು, ನಡುವೆ ಎಲ್ಲಾದರೂ ಈಜಿ, ಮಧ್ಯಾಹ್ನದ ಹೊತ್ತಿಗೆ ಬಂದರು ಸೇರಬಹುದು. ವಾರಕ್ಕೆ ಆರು ದಿನ ಹಿಡಿದರೆ 120ರಿಂದ 150 ಮೈಲು. ಆ ದೊಡ್ಡ ಸುತ್ತಿಗೆ ಅದು ಸಾಕಾಗುವುದೇ ಇಲ್ಲ.

ಇಷ್ಟೇ ಆಗಿದ್ದರೆ ಒಂದು ರಾತ್ರಿ ನಿದ್ದೆಗೆಟ್ಟು ಹೋಗಬಹುದಿತ್ತು. ನಿಜವಾದ ತೊಡಕು ಗಾಳಿ. ಏಜಿಯನ್ ಸಮುದ್ರದಲ್ಲಿ ಬೇಸಿಗೆ ಗಾಳಿಗೆ ಒಂದು ಹೆಸರೇ ಇದೆ: ಮೆಲ್ಟೆಮಿ. ಈ ಗಾಳಿ ಅರ್ಥವಾದರೆ ಎಲ್ಲಿಂದ ಹೊರಡಬೇಕು, ಯಾವ ಕಡೆ ತಿರುಗಬೇಕು, ಯಾವ ಬಂದರಿನಲ್ಲಿ ಮಲಗಬೇಕು, ಎಲ್ಲಕ್ಕೂ ಅದೇ ಉತ್ತರ ಕೊಡುತ್ತದೆ.

ಮೆಲ್ಟೆಮಿ ಹುಟ್ಟುವುದು ಹೀಗೆ. ಬೇಸಿಗೆಯಲ್ಲಿ ಬಾಲ್ಕನ್ ಕಡೆ ಗಾಳಿಯ ಒತ್ತಡ ಜಾಸ್ತಿ ಇರುತ್ತದೆ, ಟರ್ಕಿಯ ಕಡೆ ನೆಲ ಕಾದು ಒತ್ತಡ ಕಡಿಮೆಯಾಗುತ್ತದೆ. ಇವೆರಡರ ನಡುವೆ ಇರುವ ಏಜಿಯನ್ ಮೇಲೆ ಗಾಳಿ ಉತ್ತರದಿಂದ ದಕ್ಷಿಣಕ್ಕೆ ನುಗ್ಗುತ್ತದೆ. ಸಮುದ್ರದ ಉತ್ತರ ಭಾಗದಲ್ಲಿ ಈಶಾನ್ಯದಿಂದ, ನಡುವಿನ ಸಿಕ್ಲಡೀಸ್ ದ್ವೀಪಗಳಲ್ಲಿ ನೇರ ಉತ್ತರದಿಂದ, ರೋಡ್ಸ್ ಹತ್ತಿರ ಹೋಗುವಷ್ಟರಲ್ಲಿ ವಾಯವ್ಯದಿಂದ ಬೀಸುತ್ತದೆ. ನಮಗೆ ಕುತೂಹಲದ ವಿಷಯ ಅಂದರೆ, ಟರ್ಕಿಯ ಮೇಲಿನ ಆ ಕಡಿಮೆ ಒತ್ತಡ ಬಿಡಿಯಾಗಿ ನಿಂತದ್ದಲ್ಲ. ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಮೇಲೆ ಬೇಸಿಗೆಯಲ್ಲಿ ಕೂರುವ, ನಮ್ಮ ಮುಂಗಾರನ್ನು ಒಳಗೆ ಎಳೆದುಕೊಳ್ಳುವ ಆ ದೊಡ್ಡ ಕಡಿಮೆ ಒತ್ತಡವೇ ಇರಾನ್ ದಾಟಿ ಅಲ್ಲಿಯವರೆಗೆ ಚಾಚಿಕೊಂಡಿರುತ್ತದೆ. ಮುಂಗಾರಿನಲ್ಲಿ ಇಲ್ಲಿ ಮೇಲೇರಿದ ಗಾಳಿಯ ಪರಿಣಾಮವಾಗಿ ಪೂರ್ವ ಮೆಡಿಟರೇನಿಯನ್ ಮೇಲೆ ಗಾಳಿ ಕೆಳಗಿಳಿಯುತ್ತದೆ, ಮೋಡ ಕಟ್ಟುವುದಿಲ್ಲ. ಜೂನ್ ಮತ್ತು ಜುಲೈ ಪೂರ್ತಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇದ್ದು, ಮಲ್ಪೆ-ಮಂಗಳೂರಿನ ಬೋಟುಗಳು ಧಕ್ಕೆಯಲ್ಲಿ ಸಾಲಾಗಿ ಕಟ್ಟಿರುವ ಅದೇ ಹೊತ್ತಿಗೆ ಅಲ್ಲಿ ಒಂದು ಹನಿ ಮಳೆ ಇಲ್ಲದೆ ಗಾಳಿ ಹೊಡೆಯುತ್ತಿರುತ್ತದೆ.

ಹೊಸಬರು ಎಡವುವುದೂ ಇಲ್ಲೇ. ನಮಗೆ ಬಿರುಗಾಳಿ ಅಂದರೆ ಕಪ್ಪು ಮೋಡ, ಗುಡುಗು, ಕತ್ತಲೆ. ಮೆಲ್ಟೆಮಿಗೆ ಅದೇನೂ ಇಲ್ಲ. ಆಕಾಶ ನೀಲಿ, ಬಿಸಿಲು ಚೆನ್ನಾಗಿದೆ, ಒತ್ತಡ ಅಳೆಯುವ ಬ್ಯಾರೋಮೀಟರ್ ಕೂಡ ಎಚ್ಚರಿಕೆ ಕೊಡುವುದಿಲ್ಲ, ಆದರೆ ಬಂದರಿನ ಬಾಯಿ ದಾಟಿದ ಕೂಡಲೇ ಸಮುದ್ರ ಪೂರ್ತಿ ಬೆಳ್ಳನೆ ನೊರೆ. ಒಮ್ಮೆ ಶುರುವಾದರೆ ಮೂರು ದಿನವೂ ಇರಬಹುದು, ವಾರಕ್ಕಿಂತ ಜಾಸ್ತಿಯೂ ಇರಬಹುದು. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಇದರ ಕಾಲ, ಜುಲೈ-ಆಗಸ್ಟ್‌ನಲ್ಲಿ ಜೋರು. ಒಂದು ಪುಣ್ಯ ಅಂದರೆ ಇದನ್ನು ಮೊದಲೇ ಹೇಳಬಹುದು. ಗ್ರೀಸಿನ ಹವಾಮಾನ ಇಲಾಖೆ ದಿನಾ ಸಮುದ್ರದ ಭಾಗ ಭಾಗಕ್ಕೂ ಮುನ್ಸೂಚನೆ ಕೊಡುತ್ತದೆ, ಎರಡು-ಮೂರು ದಿನದ ಮಟ್ಟಿಗೆ ಅದನ್ನು ನಂಬಬಹುದು.

ಅಲ್ಲಿ ಗಾಳಿಯನ್ನು ಎಲ್ಲರೂ ಬೊಫರ್ಟ್ ಲೆಕ್ಕದಲ್ಲೇ, ಅಂದರೆ ಗಾಳಿಯ ಜೋರಿಗೆ ಒಂದೊಂದು ಅಂಕಿ ಕೊಡುವ ಅಳತೆಯಲ್ಲೇ ಹೇಳುತ್ತಾರೆ. ಬಂದರಿನ ಕಾಫಿ ಅಂಗಡಿಯಲ್ಲಿ "ನಾಳೆ ಏಳು" ಅಂದರೆ ಗಂಟೆ ಏಳಲ್ಲ, ಗಾಳಿ ಏಳು. ಬೊಫರ್ಟ್ 4 ಅಂದರೆ 11-16 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲು), ಹಾಯಿದೋಣಿಗೆ ಹೇಳಿ ಮಾಡಿಸಿದ ಗಾಳಿ. 5ಕ್ಕೆ ದೋಣಿ ಚೆನ್ನಾಗಿ ವಾಲುತ್ತದೆ. 6 ಅಂದರೆ 22-27 ನಾಟ್, ಹಾಯಿ ಕಡಿಮೆ ಮಾಡಲೇಬೇಕು. 7 ಅಂದರೆ 28-33, ಬಾಡಿಗೆ ದೋಣಿಯಲ್ಲಿ ರಜೆಗೆ ಬಂದವರು ಬಂದರಿನಲ್ಲೇ ಇರುವುದು ಒಳ್ಳೆಯದು. ಅಂಕಿ ಒಂದೊಂದೇ ಏರಿದ ಹಾಗೆ ಕಂಡರೂ ಹಾಯಿಯ ಮೇಲಿನ ಒತ್ತು ಗಾಳಿವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 15 ನಾಟ್ ಗಾಳಿ 30 ಆದರೆ ಒತ್ತು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ದೊಡ್ಡ ಫೆರಿಗಳನ್ನೇ ಬಂದರು ಪೊಲೀಸರು ತಡೆದು ನಿಲ್ಲಿಸುವ ದಿನಗಳು ಇರುತ್ತವೆ.

ಈಗ ಹಾಯಿದೋಣಿಯ ಮಿತಿ. ಗಾಳಿ ಬರುವ ದಿಕ್ಕಿಗೆ ಅದು ನೇರ ಹೋಗಲಾರದು. ಹೆಚ್ಚೆಂದರೆ ಸುಮಾರು 45 ಡಿಗ್ರಿ ಓರೆಯಾಗಿ ಹೋಗಬಹುದು. ಹಾಗಾಗಿ ಗಾಳಿಗೆ ಎದುರು ಹೋಗಬೇಕಾದರೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಂತ ಅಂಕುಡೊಂಕಾಗಿ ಹೋಗಬೇಕು. 20 ಮೈಲಿನ ದಾರಿ ಲೆಕ್ಕದ ಪ್ರಕಾರವೇ 28 ಆಗುತ್ತದೆ. ಅಲೆಗೆ ಸಿಕ್ಕಿ ವೇಗವೂ ತಗ್ಗುವುದರಿಂದ ನಾಲ್ಕು ಗಂಟೆಯ ಹಾದಿ ಎಂಟು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಎಂಜಿನ್ ಹಾಕಿ ನೇರ ಹೋದರಾಯ್ತು ಅನ್ನುವವರಿಗೆ: ಏಜಿಯನ್ ಅಲೆ ಗಿಡ್ಡ, ಕಡಿದು, ಒಂದರ ಹಿಂದೊಂದು ಬರುತ್ತದೆ. 30-40 ಕುದುರೆ ಶಕ್ತಿಯ ಡೀಸೆಲ್ ಎಂಜಿನ್ ಅದರ ಮುಂದೆ ಏದುಸಿರು ಬಿಡುತ್ತದೆ. ದೋಣಿಯ ಮೂತಿ ಪ್ರತಿ ಅಲೆಗೂ ಎದ್ದು ದಬಕ್ ಅಂತ ಬೀಳುತ್ತದೆ, ಒಳಗೆ ಪಾತ್ರೆ-ಪಗಡ ನೆಲಕ್ಕೆ, ಅರ್ಧ ಜನ ವಾಂತಿ.

ಆದ್ದರಿಂದ ಸ್ಯಾಂಟೊರಿನಿಗೆ ಹೋಗುವುದು ಸುಲಭ. ಗಾಳಿ ಬೆನ್ನಿಗಿರುತ್ತದೆ, ಎಲ್ಲರೂ ನಗುತ್ತಿರುತ್ತಾರೆ. ಕಷ್ಟ ಇರುವುದು ವಾಪಸ್ ಬರುವುದರಲ್ಲಿ, ಅದೂ ಶುಕ್ರವಾರದೊಳಗೆ. ಸಾಲದ್ದಕ್ಕೆ ಸ್ಯಾಂಟೊರಿನಿ ಒಂದು ಜ್ವಾಲಾಮುಖಿಯ ಬಾಯಿ. ಬಂಡೆಯ ಕೆಳಗೆ ನೀರು ಸೀದಾ 300 ಮೀಟರ್‌ಗಿಂತ ಜಾಸ್ತಿ ಆಳಕ್ಕೆ ಇಳಿಯುತ್ತದೆ. ಲಂಗರು ಹಾಕಲು ತಳವೇ ಸಿಗದು. ದಕ್ಷಿಣದ ವ್ಲಿಖಾದಾದಲ್ಲಿ ಒಂದು ಪುಟ್ಟ ಮರೀನಾ, ಅಂದರೆ ವಿಹಾರದ ದೋಣಿಗಳನ್ನು ನಿಲ್ಲಿಸುವ ಬಂದರು ಇದೆ, ಅಷ್ಟೇ. ನನ್ನನ್ನು ಕೇಳಿದರೆ ಸ್ಯಾಂಟೊರಿನಿಯನ್ನು ಫೆರಿಯಲ್ಲಿ ಹೋಗಿ ನೋಡಿ, ಹಾಯಿದೋಣಿಯನ್ನು ಬೇರೆ ಕಡೆಗೆ ಇಟ್ಟುಕೊಳ್ಳಿ.

ಈ ಉತ್ತರದ ಗಾಳಿಯ ಗೋಳು ಹೊಸದೂ ಅಲ್ಲ. ಕ್ರಿ.ಪೂ. 351ರಲ್ಲಿ ಅಥೆನ್ಸ್‌ನ ಹೆಸರಾಂತ ಭಾಷಣಕಾರ ಡೆಮಾಸ್ತೆನಿಸ್ ತನ್ನ ಜನರ ಮುಂದೆ ಮಾತಾಡುತ್ತಾ ಇದನ್ನೇ ಹೇಳಿದ: ಮೆಸಿಡೋನಿಯದ ದೊರೆ ಫಿಲಿಪ್ ಈ ವಾರ್ಷಿಕ ಗಾಳಿಯ ಕಾಲವನ್ನೋ ಚಳಿಗಾಲವನ್ನೋ ಕಾದು ದಾಳಿ ಮಾಡುತ್ತಾನೆ, ಏಕೆಂದರೆ ಆಗ ನಮ್ಮ ಹಡಗುಗಳು ಉತ್ತರಕ್ಕೆ ಹೋಗಲಾರವು ಅಂತ.

ಹಾಗಾದರೆ ಎಲ್ಲಿಗೆ ಹೋಗಬೇಕು? ಗ್ರೀಸ್ ಅಂದರೆ ಒಂದೇ ಸಮುದ್ರವಲ್ಲ ಅನ್ನುವುದನ್ನು ಮೊದಲು ತಲೆಗೆ ಹಾಕಿಕೊಳ್ಳಬೇಕು. ಪಶ್ಚಿಮಕ್ಕೆ ಅಯೋನಿಯನ್ ಸಮುದ್ರ. ಕೊರ್ಫು, ಪಾಕ್ಸೋಸ್, ಲೆಫ್ಕಾದಾ, ಇಥಾಕಾ, ಕೆಫಲೋನಿಯಾ ಇರುವುದು ಇಲ್ಲಿ. ಮೆಲ್ಟೆಮಿ ಇಲ್ಲಿಗೆ ಬರುವುದಿಲ್ಲ. ಬೆಳಗ್ಗೆ ಸಮುದ್ರ ಕನ್ನಡಿಯಂತೆ ಇರುತ್ತದೆ, ಮಧ್ಯಾಹ್ನ ಊಟದ ಹೊತ್ತಿಗೆ ವಾಯವ್ಯದಿಂದ ಹದವಾದ ಗಾಳಿ ಶುರುವಾಗುತ್ತದೆ, ಸೂರ್ಯ ಮುಳುಗಿದ ಮೇಲೆ ನಿಲ್ಲುತ್ತದೆ. ದ್ವೀಪಗಳು ಹಸಿರು, ನಡುವಿನ ದೂರ ಕಡಿಮೆ. ಮೊದಲ ಸಲ ಹೋಗುವವರಿಗೆ, ಮಕ್ಕಳಿರುವವರಿಗೆ ಕಣ್ಣುಮುಚ್ಚಿ ಇದನ್ನೇ ಹೇಳಬಹುದು. ಹಾಗಂತ ಅಲ್ಲಿ ಅಪಾಯವೇ ಇಲ್ಲ ಅಂತಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಇಯಾನೋಸ್ ಅನ್ನುವ ಚಂಡಮಾರುತ ಕೆಫಲೋನಿಯಾ, ಇಥಾಕಾ, ಜಾಕಿಂಥೋಸ್‌ಗೆ ಬಡಿದು ಸಾಕಷ್ಟು ದೋಣಿಗಳನ್ನು ದಡಕ್ಕೆ ಎಸೆಯಿತು.

ಅಥೆನ್ಸ್‌ನ ಹತ್ತಿರವೇ ಇರಬೇಕು ಅಂದರೆ ಸರೋನಿಕ್ ಕೊಲ್ಲಿ. ಪಿಸ್ತಾಕ್ಕೆ ಹೆಸರಾದ ಏಜಿನಾ, ಕಿರಿದಾದ ಕಾಲುವೆಯ ಪಕ್ಕದ ಪೋರೋಸ್, ಕಾರುಗಳೇ ಇಲ್ಲದೆ ಹೇಸರಗತ್ತೆಯ ಮೇಲೆ ಸಾಮಾನು ಸಾಗಿಸುವ ಹೈಡ್ರಾ. ಮೆಲ್ಟೆಮಿ ಇಲ್ಲಿಗೆ ತಲುಪಿದರೂ ಮುಖ್ಯ ಭೂಮಿಯ ಆಸರೆಯಿಂದ ಸೊರಗಿರುತ್ತದೆ. ಸ್ಪೊರಾಡೀಸ್‌ನಲ್ಲಿ ಪೈನ್ ಕಾಡು, ಜನ ಕಡಿಮೆ, ಗಾಳಿಯೂ ತುಸು ಮೆತ್ತಗೆ. ಡೋಡೆಕನೀಸ್ ಟರ್ಕಿಯ ಗಡಿಗೆ ಅಂಟಿಕೊಂಡಿದೆ, ಗಾಳಿ ಜೋರೇ.

ಉಳಿದದ್ದು ಸಿಕ್ಲಡೀಸ್. ಫೋಟೋಗಳಲ್ಲಿ ಕಾಣುವ ಬಿಳಿ ಮನೆ, ನೀಲಿ ಗುಮ್ಮಟದ ಗ್ರೀಸ್ ಇದು, ಮೆಲ್ಟೆಮಿಯ ಅಂಗಳವೂ ಇದೇ. ಇದರಲ್ಲೂ ಜಾಗ ನೋಡಿ ಹೋಗಬೇಕು. ಎವಿಯಾ ಮತ್ತು ಆಂದ್ರೋಸ್ ನಡುವಿನ ಕಾಫಿರಿಯಸ್ ಜಲಸಂಧಿ, ಮೈಕೊನೋಸ್ ಸುತ್ತಮುತ್ತ, ಪಾರೋಸ್-ನಾಕ್ಸೋಸ್ ನಡುವಿನ ಸಂದು, ಇಲ್ಲೆಲ್ಲ ಎರಡು ಬೆಟ್ಟದ ನಡುವೆ ಗಾಳಿ ಹಿಂಡಿಕೊಂಡು ಮುನ್ಸೂಚನೆಗಿಂತ ಒಂದೆರಡು ಬೊಫರ್ಟ್ ಜಾಸ್ತಿ ಇರುತ್ತದೆ. ಪಾರೋಸ್ ವಿಂಡ್‌ಸರ್ಫಿಂಗ್ ಮಾಡುವವರ ಊರಾಗಿರುವುದು ಸುಮ್ನೆ ಅಲ್ಲ. ಪಶ್ಚಿಮದ ಸಾಲು, ಅಂದರೆ ಕೇಯಾ, ಕಿಥ್ನೋಸ್, ಸೆರಿಫೋಸ್, ಸಿಫ್ನೋಸ್ ಒಂದು ವಾರಕ್ಕೆ ಸರಿಹೊಂದುತ್ತದೆ. ಅಥೆನ್ಸ್ ಮಧ್ಯದ ಮರೀನಾಗಿಂತ ಆಗ್ನೇಯ ತುದಿಯ ಲಾವ್ರಿಯೋದಿಂದ ಹೊರಟರೆ ಮೊದಲ ದಿನವೇ ಕೇಯಾ ಸೇರಬಹುದು. ಅಲ್ಲಿಂದ ಮುಂದೆ ಒಂದೊಂದು ಹಂತವೂ ಹೆಚ್ಚುಕಡಿಮೆ 12ರಿಂದ 25 ಮೈಲಿನೊಳಗೆ. ವಾರದ ನಡುವೆ, ಬುಧವಾರವೇ, ಮೂತಿ ಉತ್ತರಕ್ಕೆ ತಿರುಗಿಸಿ. ಎದುರು ಗಾಳಿಯ ದಿನ ಬೆಳಗಿನ ಐದಕ್ಕೇ ಲಂಗರು ಎತ್ತಿ. ಮೆಲ್ಟೆಮಿ ಸಾಮಾನ್ಯವಾಗಿ ರಾತ್ರಿ ತುಸು ತಗ್ಗಿ ಮಧ್ಯಾಹ್ನದ ಮೇಲೆ ಏರುವುದರಿಂದ ಹತ್ತು-ಹನ್ನೊಂದರೊಳಗೆ ಮುಂದಿನ ದ್ವೀಪದ ಮರೆಗೆ ಸೇರಿಬಿಡಬಹುದು. ಒಂದು ದಿನ ಪೂರ್ತಿ ಖಾಲಿ ಇಟ್ಟುಕೊಳ್ಳಿ, ಆ ದಿನ ಎಲ್ಲೋ ಸಿಕ್ಕಿಬಿದ್ದಿರುತ್ತೀರಿ ಅಂತಲೇ ಲೆಕ್ಕ. ಸಿಕ್ಕಿಬಿದ್ದವರಿಗೆ ಅದೃಷ್ಟ ಒಲಿದದ್ದೂ ಉಂಟು. 1900ರಲ್ಲಿ ಸಿಮಿ ದ್ವೀಪದ ಸ್ಪಂಜು ತೆಗೆಯುವವರು ಹವೆ ಸರಿಹೋಗಲಿ ಅಂತ ಆಂಟಿಕಿಥೆರಾದ ಬಳಿ ನಿಂತಾಗಲೇ ನೀರಿನಡಿ ಹಳೆಯ ಹಡಗು ಕಂಡದ್ದು. ಸೂರ್ಯ-ಚಂದ್ರರ ಚಲನೆ ಲೆಕ್ಕ ಹಾಕುವ, ಎರಡು ಸಾವಿರ ವರ್ಷ ಹಿಂದಿನ ಆ ಹಲ್ಲುಚಕ್ರಗಳ ಯಂತ್ರ ಸಿಕ್ಕಿದ್ದು ಅದರಿಂದ. ಈಗ ಅದು ಅಥೆನ್ಸ್‌ನ ಮ್ಯೂಸಿಯಮ್ಮಿನಲ್ಲಿದೆ.

"ದ್ವೀಪದ ಮರೆ" ಅಂದೆನಲ್ಲ, ಅದರಲ್ಲೂ ಒಂದು ಮೋಸ ಇದೆ. ಉತ್ತರದಿಂದ ಗಾಳಿ ಬಂದರೆ ದ್ವೀಪದ ದಕ್ಷಿಣದ ಬದಿಯಲ್ಲಿ ಗಾಳಿ ಇರಬಾರದು ಅಂತ ಯಾರಿಗಾದರೂ ಅನ್ನಿಸುತ್ತದೆ. ದ್ವೀಪ ತಗ್ಗಾಗಿದ್ದರೆ ಅದು ನಿಜ. ಆದರೆ ಆಂದ್ರೋಸ್, ಅಮೊರ್ಗೋಸ್‌ನಂಥ ಎತ್ತರದ ದ್ವೀಪಗಳಲ್ಲಿ ಗಾಳಿ ಬೆಟ್ಟದ ಆ ಬದಿಗೆ ಒತ್ತರಿಸಿ ನಿಂತು, ತುಂಬಿದ ಕೆರೆ ಕೋಡಿ ಬಿದ್ದ ಹಾಗೆ ಈ ಬದಿಗೆ ಸುರಿಯುತ್ತದೆ. ಇಳಿಯುತ್ತಾ ವೇಗ ಇನ್ನೂ ಏರುತ್ತದೆ. ನೀರು ಚಪ್ಪಟೆಯಾಗೇ ಇರುತ್ತದೆ, ಅಲೆ ಇಲ್ಲ, ಎಲ್ಲ ಶಾಂತ. ಅಷ್ಟರಲ್ಲಿ ದಡದ ಕಡೆಯಿಂದ ನೀರಿನ ಮೇಲೆ ಕಪ್ಪನೆಯ ಸುಕ್ಕೊಂದು ಓಡಿ ಬರುತ್ತದೆ. ಅದರ ತುದಿಯಲ್ಲಿ ನೀರಿನ ಪುಡಿ ಬಿಳಿ ಹೊಗೆಯ ಥರ ಏಳುತ್ತಿರುತ್ತದೆ. ಅದು ತಲುಪಲು ಹತ್ತು ಸೆಕೆಂಡು ಸಾಕು. ತಲುಪಿದಾಗ ದೋಣಿ ಪಕ್ಕಕ್ಕೆ ಮಲಗುತ್ತದೆ, ಕೈಯಲ್ಲಿದ್ದ ಲೋಟ ಎಲ್ಲೋ. ಹಾಯಿ ಮೊದಲೇ ಸುತ್ತಿ ಅರ್ಧ ಮಾಡಿಟ್ಟಿದ್ದರೆ ಬೈದುಕೊಂಡು ಮುಂದೆ ಹೋಗಬಹುದು. ಸುತ್ತದಿದ್ದರೆ ಆ ಹೊತ್ತಿನಲ್ಲಿ ಸುತ್ತುವುದು ಬಹಳ ಕಷ್ಟ. ಹಾಯಿ ಕಡಿಮೆ ಮಾಡಬೇಕಾ ಬೇಡವಾ ಅನ್ನುವ ಯೋಚನೆ ತಲೆಗೆ ಬಂದ ಕೂಡಲೇ ಮಾಡಿಬಿಡಬೇಕು ಅಂತ ಹಳಬರು ಹೇಳುವುದು ಇದಕ್ಕೇ.

ಬಂದರು ಸೇರಿದ ಮೇಲೆ ಇನ್ನೊಂದು ಪರೀಕ್ಷೆ. ಗ್ರೀಸಿನ ಚಿಕ್ಕ ಬಂದರುಗಳಲ್ಲಿ ದೋಣಿಯನ್ನು ಧಕ್ಕೆಗೆ ಪಕ್ಕಕ್ಕೆ ಒರಗಿಸಿ ಕಟ್ಟುವುದಿಲ್ಲ, ಅಷ್ಟು ಜಾಗ ಇಲ್ಲ. ಹಿಂಬದಿಯನ್ನು ಧಕ್ಕೆಗೆ ಕೊಟ್ಟು, ಮೂತಿಯ ಕಡೆ ಲಂಗರು ಬಿಟ್ಟು, ಸಾಲಾಗಿ ನಿಲ್ಲಿಸುತ್ತಾರೆ. ಮಾಡುವ ಕ್ರಮ ಹೀಗೆ. ಪಕ್ಕದ ದೋಣಿಗೆ ತಾಗಿ ಗೀರದಂತೆ ಎರಡೂ ಬದಿಗೆ ರಬ್ಬರ್ ಫೆಂಡರ್ ಇಳಿಬಿಟ್ಟು, ಹಿಂದಿನ ಎರಡು ಹಗ್ಗ ಸಿದ್ಧ ಮಾಡಿಕೊಳ್ಳಬೇಕು. ಧಕ್ಕೆಯಿಂದ ಮೂರು-ನಾಲ್ಕು ದೋಣಿಯುದ್ದ ದೂರದಲ್ಲಿ, ನಿಲ್ಲಬೇಕಾದ ಸಂದಿಗೆ ನೇರವಾಗಿ, ಲಂಗರು ಬಿಡಬೇಕು. ಆಮೇಲೆ ನಿಲ್ಲದೆ ಹಿಂದಕ್ಕೆ ಹೋಗಬೇಕು, ಮುಂದೆ ನಿಂತವರು ಅದೇ ವೇಗಕ್ಕೆ ಸರಪಳಿ ಬಿಡುತ್ತಾ ಹೋಗಬೇಕು. ಗಾಳಿ ಇರುವ ಕಡೆಯ ಹಗ್ಗ ಮೊದಲು ದಡಕ್ಕೆ. ಎರಡೂ ಹಗ್ಗ ಕಟ್ಟಿದ ಮೇಲೆ ಸರಪಳಿ ಬಿಗಿ ಮಾಡಿ, ಎಂಜಿನ್ನನ್ನು ಹಿಂದಕ್ಕೆ ಓಡಿಸಿ ಲಂಗರು ಕಚ್ಚಿದೆಯಾ ನೋಡಬೇಕು. ಕೊನೆಗೆ ಇಳಿಯಲು ಒಂದು ಹಲಗೆ.

ಓದಲು ಸುಲಭ. ಪಕ್ಕದಿಂದ 20 ನಾಟ್ ಗಾಳಿ ತಳ್ಳುತ್ತಿರುವಾಗ, ಇಡೀ ಧಕ್ಕೆಯ ಹೋಟೆಲಿನವರು ಕಾಫಿ ಹಿಡಿದು ನೋಡುತ್ತಿರುವಾಗ ಬೇರೆ ಕಥೆ. ಸರಪಳಿ ಬಿಡುವವರು ನಿಧಾನ ಮಾಡಿದರೆ ದೋಣಿ ಮಧ್ಯದಲ್ಲೇ ನಿಂತು ಅಡ್ಡ ತಿರುಗುತ್ತದೆ. ಸರಿಯಾಗಿ ನಿಂತರೂ ಹೈಡ್ರಾದಂಥ ಇಕ್ಕಟ್ಟಿನ ಬಂದರಿನಲ್ಲಿ ಎದುರು ಬದಿಯವರ ಲಂಗರು ನಿಮ್ಮ ಸರಪಳಿಯ ಮೇಲೆ ಬಿದ್ದಿರುತ್ತದೆ. ಬೆಳಗ್ಗೆ ನಿಮ್ಮದನ್ನು ಎತ್ತಿದರೆ ಅವರದ್ದೂ ಮೇಲೆ ಬರುತ್ತದೆ. ಆಗ ಕೂಗಾಟದ ಅವಶ್ಯಕತೆ ಇಲ್ಲ. ಅವರ ಸರಪಳಿಯ ಕೆಳಗೆ ಒಂದು ಹಗ್ಗ ತೂರಿಸಿ ನಿಮ್ಮ ದೋಣಿಗೇ ಕಟ್ಟಿ, ನಿಮ್ಮ ಲಂಗರನ್ನು ತುಸು ಕೆಳಗಿಳಿಸಿದರೆ ಅದು ಬಿಡಿಸಿಕೊಳ್ಳುತ್ತದೆ, ಆಮೇಲೆ ಹಗ್ಗ ಸಡಿಲಿಸಿದರಾಯಿತು. ಹೆಚ್ಚಿನವರು ಇಷ್ಟರಲ್ಲಿ ಬೈದಾಡಿ ಮುಗಿಸಿರುತ್ತಾರೆ.

ಬಂದರು ಬೇಡ ಅಂದರೆ ಖಾರಿಯಲ್ಲಿ, ಅಂದರೆ ದಡ ಒಳಸರಿದ ಪುಟ್ಟ ಕೊಲ್ಲಿಯಲ್ಲಿ, ಲಂಗರು ಹಾಕಿ ಮಲಗಬಹುದು. ಬಹಳ ಜನ ಇಷ್ಟಪಡುವುದು ಇದನ್ನೇ. ಕಿಥ್ನೋಸ್‌ನ ಕೊಲೋನಾದಲ್ಲಿ ಒಂದು ಪುಟ್ಟ ದ್ವೀಪವನ್ನು ದೊಡ್ಡದಕ್ಕೆ ಮರಳಿನ ಪಟ್ಟಿಯೊಂದು ಜೋಡಿಸಿದೆ, ಎರಡೂ ಬದಿಗೆ ಈಜಬಹುದು. ಅಲ್ಲಿ ಮರಳಿನ ತಳ ಲಂಗರಿಗೆ ಚೆನ್ನಾಗಿ ಹಿಡಿಯುತ್ತದೆ. ಮೇಲಿಂದ ನೋಡಿದರೆ ತಿಳಿನೀಲಿ ಕಂಡದ್ದು ಮರಳು, ಕಪ್ಪಾಗಿ ಕಂಡದ್ದು ಪೊಸಿಡೋನಿಯಾ ಅನ್ನುವ ಸಮುದ್ರದ ಹುಲ್ಲು ಅಥವಾ ಬಂಡೆ. ಹುಲ್ಲಿನ ಮೇಲೆ ಲಂಗರು ಕಚ್ಚುವುದಿಲ್ಲ, ಜಾರುತ್ತದೆ, ಜೊತೆಗೆ ನಿಧಾನವಾಗಿ ಬೆಳೆಯುವ ಆ ಹುಲ್ಲನ್ನು ಕಿತ್ತು ಹಾಳು ಮಾಡುತ್ತದೆ. ಸರಪಳಿ ಆಳದ ನಾಲ್ಕೈದು ಪಟ್ಟು ಬಿಡಬೇಕು, ಗಾಳಿ ಇದ್ದರೆ ಇನ್ನೂ ಜಾಸ್ತಿ. ಲಂಗರು ಹಿಡಿಯುವುದು ತನ್ನ ತೂಕದಿಂದಲ್ಲ, ಸರಪಳಿ ನೆಲದ ಮೇಲೆ ಮಲಗಿ ಅಡ್ಡಕ್ಕೆ ಎಳೆಯುವುದರಿಂದ. ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ಮುಖಕ್ಕೆ ಕನ್ನಡಕ ಹಾಕಿ ಮುಳುಗಿ ನೋಡಿ ಬನ್ನಿ, ನೀರು ಅಷ್ಟು ತಿಳಿಯಾಗಿರುತ್ತದೆ. ಮೈಕೊನೋಸ್ ಪಕ್ಕದ ಡೀಲೋಸ್‌ನಲ್ಲಿ ಮಾತ್ರ ಇದೆಲ್ಲ ನಡೆಯದು. ಪೂರ್ತಿ ಪುರಾತತ್ವದ ಜಾಗ, ರಾತ್ರಿ ಉಳಿಯಲು ಬಿಡುವುದಿಲ್ಲ.

ಭರತ-ಇಳಿತದ ತಲೆನೋವು ಇಲ್ಲ, ಏಜಿಯನ್‌ನಲ್ಲಿ ನೀರು ಏರಿಳಿಯುವುದು ಗೇಣುದ್ದದ ಲೆಕ್ಕ. ಎವಿಯಾ ಮತ್ತು ಮುಖ್ಯ ಭೂಮಿಯ ನಡುವಿನ ಹಾಲ್ಕಿದಾ ಸೇತುವೆಯ ಕೆಳಗೆ ಮಾತ್ರ ನೀರು ಹೊಳೆಯಂತೆ ಹರಿದು ದಿನಕ್ಕೆ ಹಲವು ಸಲ ದಿಕ್ಕು ಬದಲಿಸುತ್ತದೆ. ಸೇತುವೆ ತೆರೆಯುವುದೂ ರಾತ್ರಿಯೇ.

ದೋಣಿಯೊಳಗಿನ ಬದುಕು ಮೂರು ಟ್ಯಾಂಕಿನ ಮೇಲೆ ನಿಂತಿದೆ. ಸಿಹಿನೀರು ಮುನ್ನೂರು-ಚಿಲ್ಲರೆ ಲೀಟರ್, ಆರು ಜನಕ್ಕೆ. ಮನೆಯ ಥರ ಸ್ನಾನ ಮಾಡಿದರೆ ಎರಡೇ ದಿನ. ಸಮುದ್ರದಲ್ಲಿ ಈಜಿ, ಹಿಂಬದಿಯ ಶವರಿನಲ್ಲಿ ಅರ್ಧ ನಿಮಿಷ ಉಪ್ಪು ತೊಳೆದುಕೊಂಡರೆ ನಾಲ್ಕು ದಿನ. ಟಾಯ್ಲೆಟ್ಟಿಗೆ ಕಾಗದ ಹಾಕಿದರೆ ಪಂಪ್ ಕಟ್ಟಿಕೊಳ್ಳುತ್ತದೆ, ಬಿಚ್ಚಿ ಸರಿ ಮಾಡುವ ಕೆಲಸ ಯಾರದ್ದು ಅಂತ ಹೇಳಬೇಕಿಲ್ಲ. ಅದರ ಟ್ಯಾಂಕನ್ನು ಖಾಲಿ ಮಾಡುವುದು ದಡದಿಂದ ದೂರ ಹೋದ ಮೇಲೆಯೇ, ಖಾರಿಯಲ್ಲಿ ಅಲ್ಲ. ಡೀಸೆಲ್ ವಾರಕ್ಕೆ ಸಾಕಾಗುತ್ತದೆ. ಫ್ರಿಜ್ಜು ಬ್ಯಾಟರಿಯನ್ನು ತಿನ್ನುವುದರಿಂದ ದಿನಾ ಒಂದಷ್ಟು ಹೊತ್ತು ಎಂಜಿನ್ ಓಡಿಸಬೇಕಾಗಬಹುದು.

ಇನ್ನು ಯಾರು ನಡೆಸಬಹುದು? ಬರೀ ದೋಣಿ ಬಾಡಿಗೆಗೆ ಬೇಕಾದರೆ ಸ್ಕಿಪ್ಪರ್, ಅಂದರೆ ದೋಣಿ ನಡೆಸುವವರ ಹತ್ತಿರ ಮಾನ್ಯತೆ ಇರುವ ಪ್ರಮಾಣಪತ್ರ ಇರಲೇಬೇಕು, ಐಸಿಸಿ ಅನ್ನುವ ಅಂತರರಾಷ್ಟ್ರೀಯ ಪತ್ರ ಅಥವಾ ಅದಕ್ಕೆ ಸಮನಾದದ್ದು. ಜೊತೆಗೆ ಅನುಭವ ಇರುವ ಇನ್ನೊಬ್ಬರು ಬೇಕು ಅನ್ನುತ್ತದೆ ಗ್ರೀಸಿನ ಕಾನೂನು. ಸ್ಕಿಪ್ಪರ್‌ಗೆ ಏನಾದರೂ ಆದರೆ ದೋಣಿ ದಡ ಸೇರಬೇಕಲ್ಲ. ಬುಕ್ ಮಾಡುವ ಮೊದಲೇ ನಿಮ್ಮ ಪತ್ರ ನಡೆಯುತ್ತದಾ ಅಂತ ಬರಹದಲ್ಲಿ ಕೇಳಿ. ಪತ್ರ ಇಲ್ಲದವರು ಸ್ಕಿಪ್ಪರ್ ಸಮೇತ ಹಿಡಿಯಬಹುದು. ಅವರಿಗೆ ದಿನದ ಸಂಬಳ, ಮಲಗಲು ಜಾಗ ಮತ್ತು ಊಟ ನಿಮ್ಮ ಖರ್ಚು. ಸ್ಥಳೀಯರಾದರೆ ಯಾವ ಖಾರಿಯಲ್ಲಿ ಗಾಳಿ ಹೊಡೆಯಲ್ಲ ಅಂತ ಬಾಯಲ್ಲೇ ಇರುತ್ತದೆ, ಆ ದುಡ್ಡು ದಂಡ ಅಲ್ಲ. ಭಾರತದ ಪಾಸ್‌ಪೋರ್ಟಿನವರಿಗೆ ಷೆಂಗೆನ್ ವೀಸಾ ಬೇಕು ಅನ್ನುವುದು ಹೇಗೂ ಗೊತ್ತಿರುವುದೇ.

ಹೊರಡುವ ಮೊದಲು ಲೈಫ್ ಜಾಕೆಟ್ ಎಲ್ಲಿವೆ, ಗ್ಯಾಸ್ ಎಲ್ಲಿ ಬಂದ್ ಮಾಡುವುದು, ರೇಡಿಯೋ ಹೇಗೆ ಅಂತ ಎಲ್ಲರಿಗೂ ತೋರಿಸಿ. ದೋಣಿಯ ವಿಎಚ್‌ಎಫ್ ರೇಡಿಯೋದಲ್ಲಿ ತುರ್ತು ಕರೆಯ 16ನೇ ಚಾನೆಲ್ ತೆರೆದೇ ಇರಬೇಕು. ಫೋನಿನಿಂದಾದರೆ ಗ್ರೀಸಿನ ಕೋಸ್ಟ್ ಗಾರ್ಡ್ 108, ಇಲ್ಲವೇ ಯುರೋಪಿನ ಸಾಮಾನ್ಯ ತುರ್ತು ಸಂಖ್ಯೆ 112. ದೋಣಿ ವಹಿಸಿಕೊಳ್ಳುವಾಗ ಇರುವ ಗೀರು, ತೂತು, ಹರಿದ ಹಾಯಿ ಎಲ್ಲದರ ಫೋಟೋ ತೆಗೆದಿಡಿ. ವಾಪಸ್ ಬಂದಾಗ ಒಬ್ಬ ಮುಳುಗುಗಾರ ಕೆಳಗಿಳಿದು ತಳ ಏನಾದರೂ ಕಲ್ಲಿಗೆ ತಾಗಿದೆಯಾ ಅಂತ ನೋಡುವುದು ಸಾಮಾನ್ಯ, ಠೇವಣಿ ವಾಪಸ್ ಬರುವುದು ಆಮೇಲೆ. ಶುಕ್ರವಾರ ಸಂಜೆ ಡೀಸೆಲ್ ತುಂಬಿಸಲು ಉದ್ದ ಸಾಲು ಇರುತ್ತದೆ, ನಾಲ್ಕು ಗಂಟೆಯೊಳಗೆ ತಲುಪಿದರೆ ಒಳ್ಳೆಯದು.